ಹಣಮಪ್ಪನ ಸಿಂಧೂರದ ಕೈ

ಇಂಡಿ ಪಟ್ಟಣದ ಬಸ್ ನಿಲ್ದಾಣದಿಂದ ಸಂತೆಯ ಬಯಲಿಗೆ ಹೋಗುವ ದಾರಿಯಲ್ಲಿ ಶಂಕ್ರೆವ್ವನ ಫೋಟೋ ಕಟ್ಟಿನ ಅಂಗಡಿಯಿದೆ. ದೇವರ ಪಟಗಳಿಗೆ, ಮದುವೆಯ ಜೋಡಿಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತೀರಿಹೋದವರ ಭಾವಚಿತ್ರಗಳಿಗೆ ಅವಳು ಕಟ್ಟು ಹಾಕಿಕೊಡುತ್ತಾಳೆ. ಅರವತ್ತು ದಾಟಿದ ಈ ಹೆಂಗಸಿನ ಕೆಲಸ ಚೊಕ್ಕ, ಬಾಯಿ ಖಾರ. ಸತ್ತವರ ಮುಖವನ್ನು ಬೆಳ್ಳಗೆ ಮಾಡಿಸಿಕೊಡಿ ಎಂದು ಬಂದವರನ್ನು ಅವಳು ಮೆಟ್ಟಿಲಿನಿಂದಲೇ ತಿರುಗಿಸಿ ಕಳಿಸುತ್ತಾಳೆ.

"ಇದ್ದಾಗ ಕರಿಯ ಇದ್ದ ಮುದುಕ ಸತ್ತ ಮ್ಯಾಲ ಯಾಕ ಬೆಳ್ಳಗ ಆಗಬೇಕ? ಅವನ ಹೆಂಡತಿಗೆ ಗುರ್ತ ಸಿಗೂದು ಬ್ಯಾಡೇನ?"

ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋದವಳು ಗಂಡ ತೀರಿದ ಮೇಲೆ ತಂದೆಯ ಅಂಗಡಿಗೇ ಮರಳಿದಳು. ಹಗಲು ಗಾಜು ಕೊಯ್ಯುವುದನ್ನು ಕಲಿತಳು, ಸಂಜೆ ಅಕ್ಷರ ಕಲಿತಳು. ಎರಡನ್ನೂ ಯಾರ ಹಂಗಿಲ್ಲದೆ ಕಲಿತೆನೆಂಬ ಬಿಗುವು ಅವಳ ಬೆನ್ನಿನಲ್ಲಿಯೇ ಕಾಣುತ್ತದೆ. ಅವಳು ಎಲ್ಲಿಯೂ ಒರಗಿ ಕೂಡುವುದಿಲ್ಲ.

ಅಂಗಡಿಯ ಹಿಂದಿನ ಗೋಡೆಗೆ ಮಾರಾಟಕ್ಕಿಲ್ಲದ ಚಿತ್ರವೊಂದು ತೂಗುತ್ತದೆ. ಚಹದ ಬಣ್ಣಕ್ಕೆ ತಿರುಗಿದ ಹಳೆಯ ಕಾಗದದ ಮೇಲೆ ಬೋಳು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಚಾವಣಿಯಿಲ್ಲದ ಒಂದು ಗುಡಿ, ಅರ್ಧಕ್ಕೆ ಮುರಿದ ಕಂಬಗಳು. ಕಂಬದ ಎತ್ತರ ತಿಳಿಯಲೆಂದು ಬುಡದಲ್ಲಿ ಟೊಪ್ಪಿಗೆಯ ಮನುಷ್ಯನೊಬ್ಬನನ್ನು ನಿಲ್ಲಿಸಿದ್ದಾರೆ. ಅದು ಗ್ರೀಕರ ದೇಶದ ಗುಡಿ. ಕಟ್ಟು ಹಾಕಿಸಲು ಬಂದವರಲ್ಲಿ ಒಬ್ಬರಾದರೂ ಅದನ್ನು ಕೆಣಕದೆ ಹೋಗುವುದಿಲ್ಲ.

"ಶಂಕ್ರೆವ್ವಾಯಿ, ಈ ಗುಡಿ ಕಂತ್ರಾಟ ಯಾರು ಹಿಡದಿದ್ರು? ಸ್ಲ್ಯಾಬ ಹಾಕೂದ ಬಿಟ್ಟು ಓಡಿ ಹೋಗ್ಯಾರಲ."

"ನಿಮ್ಮಂಥಾವರು ಅಲ್ಲಿ ಹುಟ್ಟಲಿಲ್ಲ, ಅದಕ್ಕ ಇಷ್ಟರ ಉಳದೈತಿ" ಎಂಬುದು ಅವಳ ಸಿದ್ಧ ಉತ್ತರ.

ಆ ಚಿತ್ರ ಅವಳ ಅಜ್ಜನಿಗೆ ದೊರೆತದ್ದು. ನೂರು ವರ್ಷಕ್ಕೂ ಹಿಂದೆ, ಹತ್ತಿರದ ಸಾಲೋಟಗಿಯ ಶಾಸನ ನೋಡಲು ಬಂದಿದ್ದ ಒಬ್ಬ ಮುದಿ ಸಾಹೇಬನ ಪೆಟ್ಟಿಗೆ ಹೊರಲು ಅಜ್ಜ ಸೇರಿಕೊಂಡಿದ್ದ. ಸಾಹೇಬ ತರುಣನಾಗಿದ್ದಾಗ ಗ್ರೀಕರ ಗುಡ್ಡಗಳನ್ನು ಹತ್ತಿ ಪಾಳುಗುಡಿಗಳ ಚಿತ್ರ ತೆಗೆದವನಂತೆ. ಆ ಕಾಲದಲ್ಲಿ ಚಿತ್ರ ಮೂಡುತ್ತಿದ್ದುದು ಗಾಜಿನ ಹಾಳೆಯ ಮೇಲೆ. ಅದಕ್ಕೆ ಹಿಡಿಸುವ ಬೆಳಕು ಬಹಳ, ಹೊತ್ತೂ ಬಹಳ. ಅಜ್ಜನ ಸ್ವಂತ ಊರಾದ ತೆಗ್ಗಿನಹಾಳದ ಹಣಮಪ್ಪನ ಗುಡಿಯೊಳಗೆ ಕತ್ತಲೆ ತುಂಬಿದ್ದರಿಂದ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಅಗಲ ತಟ್ಟೆಯಾದ ಪರಾತವನ್ನು ಹಿಡಿದು ಅಜ್ಜ ಬಾಗಿಲಲ್ಲಿ ನಿಂತ. ಬಿಸಿಲನ್ನು ದೇವರ ಮೈಮೇಲೆ ಚೆಲ್ಲಿದ. ಸಾಹೇಬ ಉಸಿರು ಬಿಗಿಹಿಡಿದು ಚಿತ್ರ ತೆಗೆದ. ಹೋಗುವಾಗ ಕೆಲವು ಗಾಜಿನ ನೆಗೆಟಿವ್‌ಗಳನ್ನೂ ಗ್ರೀಕರ ಗುಡಿಯ ಚಿತ್ರವನ್ನೂ ಅಜ್ಜನ ಕೈಗಿಟ್ಟ.

ಆ ನೆಗೆಟಿವ್‌ಗಳಿಗೆ ಮುಂದೆ ಒದಗಿದ ಗತಿಯನ್ನು ಶಂಕ್ರೆವ್ವ ಕಣ್ಣಾರೆ ಕಂಡಿದ್ದಾಳೆ. ಅವಳು ಚಿಕ್ಕವಳಿದ್ದಾಗ ಒಮ್ಮೆ ಪಟಗಳಿಗೆ ಕಟ್ಟು ಹಾಕಲು ಗಾಜು ಸಾಲದೆ ಬಂತು. ಅವಳ ಕಾಕಾ ಹಿಂದುಮುಂದು ನೋಡದೆ ಅಜ್ಜನ ಪೆಟ್ಟಿಗೆ ತೆರೆದ; ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಗಾಜುಗಳನ್ನು ಅದ್ದಿದ. ಕಂಬ, ಕಲಶ, ವೀರಗಲ್ಲುಗಳು ಹಾಲಿನ ಕೆನೆಯಂತೆ ಗಾಜಿನಿಂದ ಕಳಚಿ, ಸುಕ್ಕುಗಟ್ಟಿ, ಬಚ್ಚಲ ಮೋರಿಗೆ ಹರಿದುಹೋದವು. ತೊಳೆದ ಗಾಜು ಲಕ್ಷ್ಮಿ, ಸರಸ್ವತಿಯರ ಪಟಕ್ಕೆ ಕೂತಿತು. "ನೋಡು, ಎಷ್ಟ ಸ್ವಚ್ಛ ಆತು" ಎಂದು ಕಾಕಾ ನಕ್ಕಿದ್ದ. ಆ ಮೋರಿಯ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಕೆನೆಯನ್ನು ನೆನೆದರೆ ಅವಳಿಗೆ ಈಗಲೂ ಅನ್ನ ಸೇರುವುದಿಲ್ಲ. ಅಂದು ಅವಳು ಲಂಗದಲ್ಲಿ ಬಚ್ಚಿಟ್ಟುಕೊಂಡು ಓಡಿದ ಒಂದೇ ಒಂದು ಗಾಜು ಉಳಿಯಿತು. ಅದು ತೆಗ್ಗಿನಹಾಳದ ಹಣಮಪ್ಪನದು.

ಅಂದಿನಿಂದ ಅದು ಮೆತ್ತನೆಯ ಬಟ್ಟೆಯಲ್ಲಿ, ಕಟ್ಟಿಗೆಯ ಗೂಡಿನಲ್ಲಿ, ಅವಳ ಕಣ್ಣಳತೆಯಲ್ಲಿಯೇ ಇದೆ. ಅದನ್ನು ಮುಟ್ಟುವುದಾದರೆ ಅಂಚನ್ನು ಮಾತ್ರ. ಮುಟ್ಟಬಾರದ್ದನ್ನು ಮುಟ್ಟುವುದು, ತಿದ್ದಬಾರದ್ದನ್ನು ತಿದ್ದುವುದು, ಇವೇ ಅವಳ ಲೆಕ್ಕದಲ್ಲಿ ಮನುಷ್ಯರ ದೊಡ್ಡ ಹೊಲಸು.

ಕಳೆದ ವರ್ಷ ಶ್ರೀಶೈಲ ಅಂಗಡಿಗೆ ಬಂದ. ತೆಗ್ಗಿನಹಾಳದವನು, ಟಿಪ್ಪರುಗಳ ಮಾಲೀಕ, ಗುಡಿಯ ಜೀರ್ಣೋದ್ಧಾರ ಕಮಿಟಿಯ ಅಧ್ಯಕ್ಷ. ಊರ ಮಗಳೆಂಬ ಸಲಿಗೆಯಿಂದ ಅವಳನ್ನು ಅತ್ತಿ ಎಂದೇ ಕರೆಯುವವನು. ಹೊಸ ಗುಡಿಯ ಬಣ್ಣದ ನಕಾಶೆಯೊಂದನ್ನು ಕಟ್ಟು ಹಾಕಲು ತಂದಿದ್ದ. ಗುಲಾಬಿ ಗೋಪುರ, ಹಸಿರು ಟೈಲ್ಸ್, ಸ್ಟೀಲಿನ ಕಟಕಟೆ, ಒಳಗೆ ಹಾಲುಬಿಳುಪಿನ ಅಮೃತಶಿಲೆಯ ಹನುಮಂತ.

"ಹಳೇ ಹಣಮಪ್ಪ?" ಎಂದಳು ಶಂಕ್ರೆವ್ವ.

"ಅವನ ಮುಖಾನ ಕಾಣಂಗಿಲ್ಲಲ ಅತ್ತಿ. ಕೆಂಪನ್ನ ಮುದ್ದಿ ಆಗಿ ಕುಂತಾನ. ಕೆಲವರು ಇರಲಿ ಅಂತಾರ, ಕೆಲವರು ಬ್ಯಾಡ ಅಂತಾರ. ಶನಿವಾರ ಊರಾಗ ಕೂಡೂದೈತಿ. ಮಂದಿ ಹೆಂಗ ಅಂತಾರ ಹಂಗ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಲೆತಲಾಂತರದಿಂದ ಪ್ರತಿ ಶನಿವಾರ ಎಣ್ಣೆ, ಸಿಂಧೂರ ಮೆತ್ತಿ ಮೆತ್ತಿ ಹಣಮಪ್ಪನ ಮೈಮೇಲೆ ಕವಚವೇ ಬೆಳೆದಿತ್ತು. ಕಣ್ಣು ಎರಡು ಬೆಳ್ಳಿಯ ಚುಕ್ಕೆ, ಮೂಗು ಒಂದು ಉಬ್ಬು, ಮೇಲೆತ್ತಿದ ಬಲಗೈ ಒಂದು ಕೆಂಪು ಗಡ್ಡೆ. ಆದರೂ ಒಳಗಿದ್ದ ಕಲ್ಲು ಎಂಥದೆಂಬುದನ್ನು ಅಜ್ಜ ಹೇಳಿದ್ದ. ಶಂಕ್ರೆವ್ವ ನಕಾಶೆಯನ್ನು ಮಗುಚಿಟ್ಟಳು. ಆ ಗುಲಾಬಿ ಬಣ್ಣ ನೋಡಿ ಅವಳಿಗೆ, ಯಾರೋ ತಿಂದದ್ದನ್ನು ಕಾರಿದಂತೆನಿಸಿತ್ತು.

ಹಳೆಯ ವಸ್ತುಗಳನ್ನು ಕಾಯುವ ಕಚೇರಿಯೊಂದಕ್ಕೆ ಅವಳು ಹೋಗಿಬಂದಳು. ಆ ಗುಡಿ ತಮ್ಮ ಕಾವಲಿಗೆ ಸೇರಿಲ್ಲವೆಂದರು. ಉಳಿದದ್ದು ಗಾಜೊಂದೇ. ದೇವರು ಎಷ್ಟು ಹಳಬನೆಂಬುದನ್ನು ಊರವರ ಕಣ್ಣಿಗೆ ಕಾಣಿಸಿದರೆ ಅವನನ್ನು ಕದಲಿಸುವ ಧೈರ್ಯ ಯಾರಿಗೂ ಬಾರದೆಂದು ಅವಳು ನಂಬಿದಳು.

ಸಂತೆಬಯಲಿನ ನಜಮಾ ಬ್ಯಾನರ್ ಮುದ್ರಿಸುವ ಅಂಗಡಿ ಇಟ್ಟವಳು. ಚಿತ್ರ ದೊಡ್ಡದು ಮಾಡುವ ಯಂತ್ರವೂ ಅವಳಲ್ಲಿದೆ. ಗಾಜನ್ನು ಶಂಕ್ರೆವ್ವ ತಾನೇ ಹಿಡಿದು ಯಂತ್ರದ ಮೇಲಿಟ್ಟಳು. ಇಷ್ಟು ವರ್ಷ ಅವಳು ನೋಡಿದ್ದು ಅಂಗೈಯಗಲದ ಗಾಜಿನಲ್ಲಿ, ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ ಮೂಡಿದ ನೆರಳನ್ನು ಮಾತ್ರ. ಈಗ ಪರದೆಯ ಮೇಲೆ ಹಣಮಪ್ಪ ಬೆಳಕಿಗೆ ಬಂದ. ಕಿವಿಯ ಕುಂಡಲ, ಬಾಲದ ತುದಿಯ ಗಂಟೆ, ತುಟಿಯಂಚಿನ ಮುಗುಳ್ನಗೆ. ಸಾಹೇಬ ಬಂದಾಗ ಕವಚ ತಾನಾಗಿ ಕಳಚಿಬಿದ್ದು, ಹೊಸದು ಇನ್ನೂ ಮೆತ್ತಿರಲಿಲ್ಲ. ಬರಿಗಲ್ಲು. ಅಜ್ಜನ ಪರಾತದ ಬಿಸಿಲು ಅದರ ಎದೆಯ ಮೇಲೆ ಹರಡಿತ್ತು.

ನಜಮಾ ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದಳು. ಇಬ್ಬರೂ ಪರದೆಯತ್ತ ಬಾಗಿದರು. ಮೇಲೆತ್ತಿದ ಬಲಗೈ ಮುಂಗೈಯ ಹತ್ತಿರ ಮುರಿದಿತ್ತು. ಅಂಗೈ ಇರಲಿಲ್ಲ.

"ಅಕ್ಕಾರ, ಕೈ ಇಲ್ಲ ನೋಡ್ರಿ" ಎಂದಳು ನಜಮಾ ಮೆಲ್ಲಗೆ. "ಹಚ್ಚಿಕೊಡ್ಲೇನ್ರಿ? ಈಗ ಕಂಪ್ಯೂಟರ್‌ದಾಗ ಎಲ್ಲಾ ಬರ್ತೈತಿ. ಗುರ್ತನ ಸಿಗಂಗಿಲ್ಲ."

"ಬ್ಯಾಡ."

"ಮುರದ ದೇವರನ್ನ ನಿಮ್ಮ ಮಂದಿ ಇಟ್ಕೊಳ್ಳೂದಿಲ್ಲಲ್ರಿ. ನಮ್ಮ ಓಣ್ಯಾಗಿನ ಸಣ್ಣ ಹುಡುಗರಿಗೂ ಅದು ಗೊತ್ತೈತಿ."

"ಜೀವಮಾನ ಪೂರ್ತಿ ಮಂದೀಗೆ ತಿದ್ದಬ್ಯಾಡ್ರಿ ಅಂದು, ಈಗ ನಾನ ದೇವರ ಕೈ ತಿದ್ದಲೇನು? ಇದ್ದದ್ದು ಇದ್ದಂಗ ತೆಗಿ."

"ನೀವು ನಮ್ಮ ಅಬ್ಬಾನಕಿಂತ ಹಟಮಾರಿ ಅದೀರಿ" ಎನ್ನುತ್ತ ನಜಮಾ ಗುಂಡಿ ಒತ್ತಿದಳು.

ಆ ಕ್ಷಣ ಬೇಕೆಂದಿದ್ದರೆ ಶಂಕ್ರೆವ್ವ ಚಿತ್ರವನ್ನು ಸುರುಳಿ ಸುತ್ತಿ ಮನೆಯಲ್ಲಿಯೇ ಇಡಬಹುದಿತ್ತು. ಗ್ರೀಕರ ಗುಡಿಯ ಕೆಳಗೆ ಬಾಳು ಸವೆಸಿದವಳಿಗೆ ಮುರುಕು ಎಂಬುದು ಕೊರತೆಯಾಗಿ ಕಾಣಲೇ ಇಲ್ಲ. ಮುರಿದದ್ದೇ ಹಳತನದ ಸಾಕ್ಷಿಯೆಂದು ಅವಳು ತಿಳಿದಳು.

ಶನಿವಾರ ತೆಗ್ಗಿನಹಾಳದ ಗುಡಿಯ ಕಟ್ಟೆಯ ಮೇಲೆ ಊರು ಕೂಡಿತು. ಕಟ್ಟೆಯ ಮಗ್ಗುಲಿನ ವೀರಗಲ್ಲಿನ ಮೇಲೆ ಗುಟಕಾದ ಉಗುಳು ಹೊಸದೂ ಹಳತೂ ಕೂಡಿ ಹೆಪ್ಪುಗಟ್ಟಿತ್ತು. ಅದಕ್ಕೇ ಒಬ್ಬ ಬೆನ್ನು ಆನಿಸಿ ಕೂತಿದ್ದ. ಶಂಕ್ರೆವ್ವ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಪೂಜಾರಿಯ ಮನೆಯ ಹಿರಿಯಳು ಗುರವ್ವ, ಎಪ್ಪತ್ತರ ವಿಧವೆ, ಆಗಷ್ಟೇ ಸಿಂಧೂರ ಮೆತ್ತಿ ಮುಗಿಸಿ ಮೊಣಕೈವರೆಗೆ ಕೆಂಪಾಗಿ ಹೊಸ್ತಿಲಲ್ಲಿ ಕೂತಿದ್ದಳು.

ಶಂಕ್ರೆವ್ವ ಚಿತ್ರವನ್ನು ಬಿಚ್ಚಿ ಗೋಡೆಗೆ ಹಿಡಿಸಿದಳು. ಮುದುಕರು ಎದ್ದು ಬಂದು ನೋಡಿದರು. ಕೆಲವರು ಕೈ ಮುಗಿದರು. ಒಂದು ಗಳಿಗೆ ಅವಳೆಣಿಸಿದಂತೆಯೇ ನಡೆಯಿತು.

ಆಮೇಲೆ ಶ್ರೀಶೈಲ ಹತ್ತಿರ ಬಂದು ಬೆರಳಿಟ್ಟ. "ಅತ್ತಿ, ಕೈ ಎಲ್ಲೈತಿ?"

"ಮುರದೈತಿ. ಅವಾಗಿನಿಂದ ಮುರದೈತಿ. ಮುರದ್ರೂ ಕದಲದ ನಿಂತಾನ. ಅದನ್ನ ಹೇಳಾಕ ಬಂದೇನಿ."

"ಅಂದ್ರ ನಾವು ಇಷ್ಟ ದಿನ ಭಿನ್ನ ಆದ ಮೂರ್ತಿಗೆ ದೀಪಾ ಹಚ್ಚೇವಿ ಅಂದಂಗಾತು."

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಮುದುಕನೊಬ್ಬ ಮುಗಿದಿದ್ದ ಕೈಯನ್ನು ಕೆಳಗಿಳಿಸಿದ್ದನ್ನು ಶಂಕ್ರೆವ್ವ ಕಂಡಳು.

"ನನ್ನ ಅಂಗಡ್ಯಾಗ ಗ್ರೀಕರ ಗುಡಿ ಐತಿ, ನೀವೆಲ್ಲಾ ನೋಡೀರಿ" ಎಂದಳು. "ಅವರು ಮುರದ ಕಂಬ ಮುರದಂಗ ಕಾಯಾಕತ್ತಾರ. ಯಾರೂ ನೀರಿಗೆ ಒಗದಿಲ್ಲ."

"ಅಲ್ಲಿ ದೀಪಾ ಹಚ್ಚತಾರೇನ್ ಅತ್ತಿ?"

"ಇಲ್ಲ."

"ನೈವೇದ್ಯ?"

"ಇಲ್ಲ."

"ಮತ್ತ ಅದು ಗುಡಿ ಅಲ್ಲ ಬಿಡ್ರಿ, ಹೆಣ. ಹೆಣಾ ಕೈ ಮುರದು ಬಿದ್ದಿದ್ರ ಏನಾತು. ನಮ್ಮ ಹಣಮಪ್ಪ ಜೀವಂತ ಅದಾನ. ಜೀವಂತ ಇದ್ದಾಂವಗ ಕೈ ಬೇಕು."

ಟಿಪ್ಪರಿನ ಗಾಲಿಯಷ್ಟೂ ಬುದ್ಧಿಯಿಲ್ಲದವನೆಂದು ತಾನು ಎಣಿಸಿದ್ದ ಈ ಮನುಷ್ಯನ ಮಾತಿಗೆ ಕೂಡಲೇ ಎದುರುತ್ತರ ಹೊಳೆಯದಿದ್ದುದು ಶಂಕ್ರೆವ್ವನಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವೆನಿಸಿತು.

ಯಾರೋ ಗುರವ್ವನನ್ನು ಕೇಳಿದರು. "ಆಯಿ, ನಿಮಗ ಇದು ಗೊತ್ತಿತ್ತೇನ್ರಿ?"

"ನಮ್ಮ ಮನಿತನಕ್ಕ ಗೊತ್ತಿತ್ತು" ಎಂದಳು ಗುರವ್ವ, ತಲೆ ಎತ್ತದೆ. "ಕವಚಾ ಕಳಚಿದಾಗೊಮ್ಮೆ ನಮ್ಮ ಅತ್ತಿ ಬಾಗಲಾ ಹಾಕ್ಕೊಂಡು ಮೇಣದ ಕೈ ಮಾಡಿ ಕೂಡಸ್ತಿದ್ರು. ಆಮ್ಯಾಲ ನಾ ಮಾಡಿದೆ. ಕೈ ಇಲ್ಲದಾಂವ ಹರಸೂದು ಹೆಂಗ?"

"ಅಂದ್ರ ಊರಿಗೆಲ್ಲಾ ಟೊಪ್ಪಗಿ ಹಾಕೀರಿ" ಎಂದ ಯಾರೋ ಹಿಂದಿನಿಂದ. ನಗೆಯೆದ್ದಿತು.

ಭಿನ್ನವಾದ ಮೂರ್ತಿಯನ್ನು ಭೀಮಾ ನದಿಗೆ ಬಿಡಬೇಕೆಂದು ನಿರ್ಣಯವಾಯಿತು. ಚಿತ್ರ ತಾರದಿದ್ದರೆ ಅರ್ಧ ಊರು ಹಳೆಯವನ ಪಕ್ಷದಲ್ಲಿಯೇ ನಿಲ್ಲುತ್ತಿತ್ತು. ಈಗ ಒಬ್ಬನೂ ನಿಲ್ಲಲಿಲ್ಲ.

ಗುರವ್ವ ಎದ್ದು ಹೋಗುವಾಗ ಶಂಕ್ರೆವ್ವನ ಮುಂದೆ ನಿಂತಳು. "ಒಂದ ಮಾತು ನನ್ನ ಕೇಳಿ ಬರಬೇಕಿತ್ತು, ತಂಗಿ" ಎಂದಳು.

ಮೂರ್ತಿ ತೆಗೆಯುವ ದಿನ ಶಂಕ್ರೆವ್ವ ಮತ್ತೆ ಹೋದಳು. ನೋಡಿ ಸಹಿಸಲಾಗದ್ದನ್ನು ನೋಡದೆ ಮನೆಯಲ್ಲಿ ಕೂಡುವುದು ಅವಳ ಜಾಯಮಾನವಲ್ಲ. ಡೀಜೆಯ ಅಬ್ಬರಕ್ಕೆ ಗುಡಿಯ ಮಾಡಿನಿಂದ ಮಣ್ಣು ಉದುರುತ್ತಿತ್ತು. ಕೂಲಿಯವರು ಉಳಿಯಿಟ್ಟು ಹೊಡೆದಂತೆಲ್ಲ ಕವಚ ಹೋಳುಹೋಳಾಗಿ ಬಿದ್ದಿತು. ಒಡೆದ ಅಂಚಿನಲ್ಲಿ ಪದರದ ಮೇಲೆ ಪದರ, ಕಡುಗೆಂಪು, ತಿಳಿಗೆಂಪು, ಕಪ್ಪು. ಕಮಟು ಎಣ್ಣೆಯ ನಾತ ಗಂಟಲಿಗೆ ಇಳಿಯಿತು. ಬಳಿಕ ಕಲ್ಲು ಹೊರಬಂದಿತು: ಕುಂಡಲ, ಗಂಟೆ, ತುಟಿಯಂಚಿನ ಆ ಮುಗುಳ್ನಗೆ. ಅಜ್ಜನ ಪರಾತದ ಬಿಸಿಲು ಸರಿದ ಮೇಲೆ ಇಷ್ಟು ಬೆಳಕು ಅದರ ಮೇಲೆ ಬಿದ್ದಿರಲಿಕ್ಕಿಲ್ಲ. ಅದನ್ನು ನೋಡಿದವರು ಯಾರು? ಎಲ್ಲರ ಕೈಯಲ್ಲೂ ಫೋನಿತ್ತು. ಎಲ್ಲರೂ ದೇವರಿಗೆ ಬೆನ್ನು ಮಾಡಿ, ಹಲ್ಲು ಕಿರಿದು, ತಮ್ಮ ತಮ್ಮ ಮೋರೆಯ ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಬ್ಬ ಸಾಹೇಬ, ಒಂದು ಗಾಜು, ಒಂದು ಪರಾತ ಹಿಡಿದು ಪಡೆದದ್ದನ್ನು ಇಷ್ಟೊಂದು ಯಂತ್ರಗಳು ಕಳೆಯುತ್ತಿದ್ದವು. ಹಣಮಪ್ಪನ ಎದೆಗೆ ನೈಲಾನ್ ಹಗ್ಗ ಬಿಗಿದರು. ಟ್ರ್ಯಾಕ್ಟರಿಗೆ ಏರಿಸುವಾಗ ಒಬ್ಬ ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗುಳಿ ಜೈ ಎಂದ. ಶಂಕ್ರೆವ್ವ ಗುಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಹೊಸ ಗುಡಿ ಎದ್ದಿತು. ನಕಾಶೆಯಲ್ಲಿದ್ದ ಗುಲಾಬಿಗಿಂತ ಒಂದು ಪಟ್ಟು ಹೆಚ್ಚೇ ಬಳಿದಿದ್ದರು. ಪ್ರತಿಷ್ಠಾಪನೆಗೆ ಮುಂಚೆ ಶ್ರೀಶೈಲ ಮತ್ತೆ ಅಂಗಡಿಗೆ ಬಂದ.

"ಅತ್ತಿ, ಆ ದೊಡ್ಡ ಫೋಟೋಕ್ಕ ಚಲೋದೊಂದು ಕಟ್ಟು ಹಾಕ್ರಿ. ಹೊಸ ಗುಡ್ಯಾಗ ಹಾಕೂಣು. ಕೆಳಗ 'ಹಳೇ ಹಣಮಪ್ಪ' ಅಂತ ಬರೀರಿ. ಮಾಲಿ ಹಾಕಾಕ ಮ್ಯಾಲ ಎರಡು ಮೊಳಿ ಇರಲಿ."

"ಮಾಲಿ ಯಾರ ಫೋಟೋಕ್ಕ ಹಾಕತಾರ?"

"ತೀರಿಹೋದವರಿಗೆ" ಎಂದವನು ತಡೆದ.

"ಜೀವಂತ ಅದಾನ ಅಂದಾಂವ ನೀನ ಅಲ್ಲೇನ? ನನ್ನ ಅಂಗಡ್ಯಾಗ ಜೀವಂತ ಇದ್ದವರಿಗೆ ಮೊಳಿ ಹೊಡ್ಯಂಗಿಲ್ಲ. ಹೋಗು."

ಶ್ರೀಶೈಲ ನಕ್ಕು ಹೊರಟ. "ಊರಿನ ಗುಡಿ ಎಲ್ಲಾ ಜೀರ್ಣೋದ್ಧಾರ ಆದ್ರೂ ನಮ್ಮ ಅತ್ತಿ ಬಾಯಿ ಮಾತ್ರ ಆಗೂದಿಲ್ಲ ನೋಡ್ರಿ" ಎಂದು ಪಕ್ಕದ ಅಂಗಡಿಯವನಿಗೆ ಹೇಳಿದ್ದು ಅವಳಿಗೂ ಕೇಳಿಸಿತು. ಗೆದ್ದ ಹಿಗ್ಗೇನೂ ಅವಳಿಗಾಗಲಿಲ್ಲ. ಅಂದು ಕಟ್ಟೆಯ ಮೇಲೆ ಸಿಗದ ಉತ್ತರ ಇಂದು ಸಿಕ್ಕಿತ್ತು, ಕಲ್ಲು ನೀರು ಸೇರಿದ ಮೇಲೆ.

ಗುರವ್ವ ಬಂದದ್ದು ಅದಾದ ಕೆಲವು ದಿನಕ್ಕೆ. ಬಸ್ಸಿಳಿದು, ಕಂಕುಳಲ್ಲಿ ಒಂದು ಗಂಟು ಹಿಡಿದು, ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನೀರು ಕೊಟ್ಟರೆ ಕುಡಿದಳು. ಆಮೇಲೆ ಗಂಟು ಬಿಚ್ಚಿದಳು.

ಅದು ಕೈ. ಉಳಿಯ ಏಟಿಗೆ ಕಲ್ಲಿನಿಂದ ಇಡಿಯಾಗಿ ಕಳಚಿದ ಕೈ. ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಅಂಗೈಯಲ್ಲಿ ಅಕ್ಕಿಯ ಕಾಳು, ಒಂದು ಕೂದಲೆಳೆ, ಎಂದೋ ಅಂಟಿ ಸತ್ತ ಇರುವೆಗಳು ಹುದುಗಿದ್ದವು. ಅದರ ನಾತಕ್ಕೆ ಶಂಕ್ರೆವ್ವ ಹಿಂದೆ ಸರಿದಳು.

"ಇದನ್ನೂ ಹೊಳಿಗೆ ಒಗೀರಿ ಅಂದ್ರು. ನನ್ನ ಕೈಲೆ ಆಗಲಿಲ್ಲ" ಎಂದಳು ಗುರವ್ವ. "ಮನ್ಯಾಗ ಇಟ್ರ ಸೊಸಿ ಹೇಸತಾಳ. ನೀ ಗಾಜಿನ ಪೆಟಿಗಿ ಮಾಡಿ ನಿನ್ನ ಹಂತ್ಯಾಕ ಇಟ್ಕೋತಿಯೇನ?"

"ನನಗೂ ಹೇಸಿಗಿ ಬರ್ತೈತಿ."

"ಬರ್ಲಿ. ನಿನಗ ಯಾವುದಕ್ಕ ಬರಂಗಿಲ್ಲ?"

ಶಂಕ್ರೆವ್ವ ಆ ಕೈಯನ್ನು ನೋಡುತ್ತ ನಿಂತಳು. ಜೀವನವಿಡೀ ಅವಳು ಹೊಸ್ತಿಲಾಚೆಗೇ ತಡೆದ ಸುಳ್ಳು ಇದೇ ಅಲ್ಲವೇ: ಇಲ್ಲದ್ದನ್ನು ಹಚ್ಚುವುದು. ಆದರೂ ಇದು ಕಂಪ್ಯೂಟರ್ ಹಚ್ಚಿಕೊಡುತ್ತಿದ್ದ ಕೈಯಲ್ಲ.

"ಯಾರು ಮಾಡಿದ್ದಿದು?" ಕಟ್ಟು ಹಾಕುವ ಮೊದಲು ಹೆಸರು ಕೇಳುವುದು ಅವಳ ರೂಢಿ.

"ಮೇಣದ್ದು ನಾ ಮಾಡಿದ್ದು. ಮ್ಯಾಲಿಂದು ಯಾರದು ಅಂತ ಹೇಳ್ಲಿ? ಶನಿವಾರಕ್ಕೊಮ್ಮೆ ಬಂದಾಕಿ ಬಂದಾಂವ ಒಂದ ಬೊಟ್ಟು ಹಚ್ಚಿ ಹೋಗ್ಯಾರ. ನಿಮ್ಮವ್ವನೂ ಹಚ್ಚ್ಯಾಳ."

ಶಂಕ್ರೆವ್ವ ಅಳತೆ ಪಟ್ಟಿ ತೆಗೆದಳು. ಬರಿಗೈಯಿಂದಲೇ ಆ ಕೈಯನ್ನು, ಅಂಚು ಹಿಡಿದು, ಮೇಜಿನ ಮೇಲಿಟ್ಟಳು. ಗಾಜಿಗೆ ಗುರುತು ಹಾಕುತ್ತಿರುವಾಗ ಗುರವ್ವ ಕೇಳಿದಳು, "ಶನಿವಾರ ಬಂದು ಒಂದೀಟು ಹಚ್ಚಬಾರದೇನ?"

"ಪೆಟಿಗ್ಯಾಗ ಇಟ್ಟಿಂದ ಮುಟ್ಟಬಾರದು. ಮುಟ್ಟಿದ್ರ ಕೆಡತೈತಿ."

"ಮುಟ್ಟಲಿಲ್ಲ ಅಂದ್ರ ಅದು ಯಾವ ದೇವರ ಕೈ?"

ಶಂಕ್ರೆವ್ವ ಗಾಜು ಕೊಯ್ದಳು. ಸುತ್ತಲೂ ಅಂಟಿಸಿ ಮುಚ್ಚಬೇಕಾಗಿದ್ದ ಪೆಟ್ಟಿಗೆಯ ಒಂದು ಬದಿಯನ್ನು ಅಂಟಿಸದೆ ಬಿಟ್ಟಳು. ಡಬ್ಬಿಯಲ್ಲಿ ಹುಡುಕಿ ಸಣ್ಣದೊಂದು ತಿರುಗಣೆ ತೆಗೆದು, ಬಾಗಿಲು ಕೂಡಿಸಿದಳು.

ಈಗ ಗ್ರೀಕರ ಗುಡಿಯ ಕೆಳಗೆ, ಗಾಜಿನೊಳಗೆ, ಆ ಕೆಂಪು ಕೈ ಮೇಲೆತ್ತಿಕೊಂಡು ನಿಂತಿದೆ. ಮೊನ್ನೆ ಗಿರಾಕಿಯೊಬ್ಬ, ಗ್ರೀಕರು ಕಡೆಗೂ ಕಲ್ಲು ಬಿಟ್ಟು ಮೇಣದ ಕೆಲಸ ಸುರು ಮಾಡಿದರೇನೆಂದು ಕೇಳಿ ಬೈಸಿಕೊಂಡ. ಶನಿವಾರ ಗುರವ್ವ ಬರುತ್ತಾಳೆ. ಗಾಜಿನ ಬಾಗಿಲು ತೆರೆದು, ಬೆರಳಲ್ಲಿ ತಂದ ಸಿಂಧೂರವನ್ನು ಮೆತ್ತುತ್ತಾಳೆ. ಆ ಎಣ್ಣೆಯ ನಾತಕ್ಕೆ ಶಂಕ್ರೆವ್ವ ಮುಖ ತಿರುಗಿಸಿಕೊಂಡೇ ಕೂಡುತ್ತಾಳೆ. ಕೈಯೊರಸಿಕೊಳ್ಳಲು ಹಳೆಯ ಬಟ್ಟೆಯೊಂದನ್ನು ಮುಂದೆ ಚಾಚುತ್ತಾಳೆ. ಗಾಜಿಗೆ ಬೆರಳ ಗುರುತು ಹತ್ತಿದರೆ ಮಾತ್ರ ಬಯ್ಯುತ್ತಾಳೆ.